ಕಮಲಾಪುರದ ಗೊನೆ ಮತ್ತು ನನ್ನ ಸಿಟ್ಟು

ನಮ್ಮ ಮನೆಗೆ ಕೆಂಪು ಬಾಳೆಯ ಗೊನೆ ಬಂತೆಂದರೆ ನನಗೆ ಸಿಟ್ಟು ಬರುತ್ತದೆ. ಮನುಷ್ಯರ ಮೇಲೆ ಸಿಟ್ಟು ಮಾಡುವವರನ್ನು ನೀವು ಬೇಕಾದಷ್ಟು ನೋಡಿದ್ದೀರಿ. ಎತ್ತಿನ ಮೇಲೆ, ಬಿಸಿಲಿನ ಮೇಲೆ ಸಿಟ್ಟು ಮಾಡುವವರನ್ನೂ ನೋಡಿರಬಹುದು. ಹಣ್ಣಿನ ಮೇಲೆ ಹಲ್ಲು ಕಡಿಯುವವನನ್ನು ನೋಡಬೇಕಾದರೆ ವರ್ಷಕ್ಕೊಮ್ಮೆ ಕಲಬುರ್ಗಿಯ ನಮ್ಮ ಮನೆಗೆ ಬರಬೇಕು. ಕಮಲಾಪುರದಿಂದ ನನ್ನ ಬಾಲ್ಯದ ಗೆಳೆಯ ಮಲ್ಲಣ್ಣ ಹೆಗಲ ಮೇಲೆ ಗೊನೆ ಹೊತ್ತು ಬರುತ್ತಾನೆ. ಯಾರನ್ನೂ ಕೇಳದೆ ಪಡಸಾಲೆಯ ತೊಲೆಗೆ ಹಗ್ಗ ಹಾಕಿ ಅದನ್ನು ತೂಗುಬಿಡುತ್ತಾನೆ. ನನ್ನ ಮಕ್ಕಳು ಅದರ ಸುತ್ತ ಕುಣಿಯುತ್ತವೆ. ನಾನು ಒಳಗಿನ ಕೋಣೆಗೆ ಹೋಗಿ ನಮ್ಮ ಮದರಸಾದ (ಸರ್ಕಾರಿ ಶಾಲೆಗೆ ಇಲ್ಲಿ ಹಾಗೇ ಅನ್ನುವುದು) ಹುಡುಗರ ಪುಸ್ತಕ ತಿದ್ದಲು ಕೂರುತ್ತೇನೆ. ಆ ದಿನ ಒಬ್ಬ ಹುಡುಗನೂ ಪಾಸಾಗುವುದಿಲ್ಲ.

"ಆ ಹಣ್ಣ ನಿಮಗೇನ್ ಮಾಡ್ಯಾವ್ರೀ?" ಎಂದು ಹೆಂಡತಿ ಕೇಳುತ್ತಾಳೆ.

ಹಣ್ಣು ನನಗೇನೂ ಮಾಡಿಲ್ಲ. ಹಾಗೆ ನೋಡಿದರೆ ನಾನು ಅದನ್ನು ತಿಂದೇ ಬೆಳೆದವನು. ಕಮಲಾಪುರದ ಮಣ್ಣು ಬಿಟ್ಟು ಬೇರೆ ಕಡೆ ಆ ಬಾಳೆ ನೆಟ್ಟರೆ ಬಣ್ಣ ಬರುತ್ತದೆ, ವಾಸನೆ ಬರುವುದಿಲ್ಲ ಎಂಬುದು ನಮ್ಮೂರವರ ಜಂಬ. ಸಿಪ್ಪೆ ದಪ್ಪ, ಹಣ್ಣು ದಪ್ಪ, ಒಂದು ತಿಂದರೆ ಒಂದು ರೊಟ್ಟಿ ಉಳಿಯಿತು. ಮಲ್ಲಣ್ಣನ ಮನೆಯ ತೋಟ ನಮ್ಮ ಮನೆಯ ಹಿಂದೆಯೇ. ಅವರ ಮನೆಯಲ್ಲಿ ಕಾಯಿಯನ್ನು ಜೋಳದ ಕಣಜದಲ್ಲಿ ಹುಗಿದು ಹಣ್ಣು ಮಾಡುತ್ತಿದ್ದರು. ನಾನೂ ಮಲ್ಲನೂ ಮೊಳಕೈವರೆಗೆ ಜೋಳದೊಳಗೆ ಕೈ ಇಳಿಸಿ, ಯಾವುದು ಮೆತ್ತಗಾಗಿದೆ ಎಂದು ಬೆರಳಿನಿಂದ ಒತ್ತಿ ನೋಡುತ್ತಿದ್ದೆವು. ಒತ್ತಿದ ಕಡೆ ಕಪ್ಪು ಕಲೆ ಬೀಳುತ್ತಿತ್ತು. ಬೆರಳಿನ ಅಳತೆ ನೋಡಿ ಕಳ್ಳ ಯಾರೆಂದು ಹೇಳಿಬಿಡುತ್ತಿದ್ದಳು ಮಲ್ಲನ ಅಕ್ಕ ಶರಣಮ್ಮ.

ಶರಣಮ್ಮ ನಮಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಬಾವಿಯಿಂದ ನೀರು ಸೇದಿ ಸೇದಿ ಅವಳ ಕೈ ಗಂಡಸರ ಕೈಯ ಹಾಗಾಗಿತ್ತು. ಹಳ್ಳಕ್ಕೆ ನೀರು ಬಂದಾಗ ನಮ್ಮಿಬ್ಬರನ್ನೂ ಎರಡು ಕಡೆ ಮಣಿಕಟ್ಟು ಹಿಡಿದು ದಾಟಿಸುತ್ತಿದ್ದಳು. ಅಂಗೈ ಹಿಡಿಯುತ್ತಿರಲಿಲ್ಲ. "ಅಂಗೈ ಬೆವರ್ತದ, ಜಾರ್ತದ. ಮಣಿಕಟ್ಟ ಹಿಡದ್ರ ಹಿಡದಂಗ" ಎನ್ನುತ್ತಿದ್ದಳು. ದಾಟಿದ ಮೇಲೆ ಅರ್ಧ ತಾಸು ಆ ಜಾಗ ಕೆಂಪಗೆ ಉಳಿಯುತ್ತಿತ್ತು.

ಅವಳನ್ನು ಸೊಲ್ಲಾಪುರಕ್ಕೆ ಕೊಟ್ಟರು. ಮದುವೆಯ ಊಟದಲ್ಲಿ ಬೀಗರ ಹಿರಿಯನೊಬ್ಬನಿಗೆ ಯಾರೋ ಗೊತ್ತಿಲ್ಲದೆ ಎರಡನೇ ಪಂಕ್ತಿಯಲ್ಲಿ ಎಲೆ ಹಾಕಿದರು. ಅಷ್ಟೇ. ಎಲೆಯ ಮೇಲೆ ಬಡಿಸಿದ್ದು ಅದೇ ಹೋಳಿಗೆ, ಅದೇ ತುಪ್ಪ. ಆದರೂ ಆತ ಉಣ್ಣದೆ ಎದ್ದ. ಅಂದಿನಿಂದ ಶರಣಮ್ಮನನ್ನು ತವರಿಗೆ ಕಳಿಸಲಿಲ್ಲ. ಒಂದು ಪಂಚಮಿ ಹೋಯಿತು, ಎರಡು ಹೋದವು, ನಾಲ್ಕು ಹೋದವು. ಮಲ್ಲನ ತಂದೆ ಎರಡು ಸಲ ಸೊಲ್ಲಾಪುರಕ್ಕೆ ಹೋಗಿ ಕಾಲು ಹಿಡಿದು ಬಂದರೂ ಅವಳ ಅತ್ತೆ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದಳಂತೆ. ಎರಡನೇ ಪಂಕ್ತಿ! ದೇಶದಲ್ಲಿ ಎಷ್ಟೋ ಜನಕ್ಕೆ ಪಂಕ್ತಿಯೇ ಇಲ್ಲದಿರುವಾಗ ಈ ಮಹಾರಾಯರಿಗೆ ಎರಡನೆಯದು ಸಾಲಲಿಲ್ಲ. ಬರೆಯುತ್ತಿರುವಾಗಲೂ ನನ್ನ ಲೆಕ್ಕಣಿಕೆ ಕಾಗದ ಹರಿಯುತ್ತಿದೆ, ಕ್ಷಮಿಸಿ.

ಹೀಗೆ ತವರಿಗೆ ಬರಲಾಗದ ಹೆಣ್ಣುಮಕ್ಕಳಿಗೆ ನಮ್ಮ ಕಡೆ ರೈಲೇ ತವರುಮನೆ. ಮಗಳು ಗಂಡನ ಮನೆಯವರೊಡನೆ ಆ ದಾರಿಯಲ್ಲಿ ಹಾಯುತ್ತಾಳೆಂದು ಸುದ್ದಿ ಬಂದರೆ ಸಾಕು, ತವರಿನವರು ಬುತ್ತಿ ಕಟ್ಟಿಕೊಂಡು ಟೇಶನ್ನಿಗೆ ಬಂದು ನಿಲ್ಲುತ್ತಾರೆ. ಗಾಡಿ ನಿಂತಷ್ಟು ಹೊತ್ತು ಕಿಟಕಿಯಲ್ಲಿ ಮುಖ ನೋಡಿ, ಬುತ್ತಿ ಕೊಟ್ಟು, ಸೆರಗಿನಿಂದ ಕಣ್ಣೊರಸಿಕೊಂಡು ಹೊರಡುತ್ತಾರೆ. ಅದನ್ನು ಬೇಡ ಎನ್ನುವಷ್ಟು ಕಠಿಣ ಬೀಗರು ವಿರಳ.

ಆ ವರ್ಷ ಅಮಾವಾಸ್ಯೆಯ ಮರುದಿನ ಶರಣಮ್ಮ ಅತ್ತೆಯ ಜೊತೆ ಹಗಲು ಗಾಡಿಯಲ್ಲಿ ರಾಯಚೂರಿನ ಕಡೆ ಹೋಗುವವಳಿದ್ದಾಳೆ ಎಂದು ಸೊಲ್ಲಾಪುರದ ಚಾದರದ ವ್ಯಾಪಾರಿ ಸುದ್ದಿ ತಂದ. ನಾನು ಹೈದರಾಬಾದಿನ ಕಾಲೇಜಿನಿಂದ ರಜೆಗೆ ಬಂದಿದ್ದೆ. ಮೈಮೇಲೆ ಅಲ್ಲಿ ಯಾವ ಜಾತಿಯ ಹುಡುಗರಾದರೂ ತೊಡುವ ಶೇರ್ವಾನಿ, ತಲೆಯ ಮೇಲೆ ಗೊಂಡೆಯಿರುವ ರೂಮಿ ಟೋಪಿ. ಆ ಟೋಪಿ ಹಾಕಿಕೊಂಡು ಕಮಲಾಪುರದ ಓಣಿಯಲ್ಲಿ ನಡೆದರೆ ಕೋಳಿಗಳೂ ದಾರಿ ಬಿಡುತ್ತವೆ ಎಂದು ನನಗೆ ನಂಬಿಕೆಯಿತ್ತು. ನಾನೇ ಹೇಳಿದೆ: "ನಡಿ ಮಲ್ಲ್ಯಾ, ಮೂರು ದಿವಸ ಮೊದಲೇ ಹೋಗೂಣು. ಕಲಬುರ್ಗಿ ಅಂದ್ರ ಏನಂತ ನಿನಗ ತೋರಸ್ತೀನಿ."

ಮೂರನೆಯವನು ಖಾಜಾ. ಕಮಲಾಪುರದ ದರ್ಜಿಯ ಮಗ, ನಮ್ಮಿಬ್ಬರ ಅಂಗಿಗಳನ್ನು ಅಪ್ಪನಿಗಿಂತ ಕೆಟ್ಟದಾಗಿ ಹೊಲಿಯುತ್ತಿದ್ದವನು. ಅವನ ಮಾಮು ದರ್ಗಾದ ಹತ್ತಿರ ಇದ್ದರು. ಎಲ್ಲಿ ಏನು ತಿನ್ನಬೇಕೆಂಬುದು ಖಾಜಾನಿಗೆ ಬಾಯಿಪಾಠ.

ಹೊರಡುವ ದಿನ ಮಲ್ಲನ ತಾಯಿ ಬುತ್ತಿಯ ಗಂಟನ್ನು ಮಗನ ಕೈಗೆ ಕೊಡಲಿಲ್ಲ. ನನ್ನ ಕೈಗೆ ಕೊಟ್ಟಳು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಹೋಳಿಗೆ, ಮೇಲೆ ಒಂದು ದೊಡ್ಡ ಚಿಪ್ಪು ಕೆಂಪು ಬಾಳೆಕಾಯಿ. ಮೂರು ದಿನದಲ್ಲಿ ಹಣ್ಣಾಗುವಂಥದ್ದನ್ನು ಲೆಕ್ಕ ಹಾಕಿ ಆರಿಸಿದ್ದಳು.

"ನಮ್ಮಾಂವ ಬಂಡಿ ಬಿಟ್ರ ಬ್ಯಾರೆ ಗಾಡಿ ಕಂಡಾಂವಲ್ಲ ತಮ್ಮಾ. ನೀ ಕಲ್ತಾಂವ ಇದ್ದಿ. ನಿನ್ನ ಮ್ಯಾಲ ಬಿಟ್ಟೀನಿ" ಎಂದಳು.

"ನೀ ಚಿಂತೀ ಬಿಡವ್ವ" ಎಂದು ಟೋಪಿಯ ಗೊಂಡೆ ಅಲುಗಿಸಿದೆ.

ಏಳೆಂಟು ಹರದಾರಿಯ ದಾರಿ. ಬಾಳೆಗೊನೆ ಹೇರಿದ ಬಂಡಿಯಲ್ಲಿ ಗೊನೆಗಳ ನಡುವೆ ನಾವೂ ಮೂರು ಗೊನೆಗಳಂತೆ ಕುಲುಕುತ್ತ ಹೋದೆವು. ಆ ಪ್ರಯಾಣವೊಂದರ ಮೇಲೆ ಮಾತ್ರ ನನಗೆ ಇವತ್ತಿಗೂ ಸಿಟ್ಟಿಲ್ಲ. ಎತ್ತುಗಳು ಯಾರ ಮಾತನ್ನೂ ಕೇಳದೆ ತಮ್ಮ ಪಾಡಿಗೆ ನಡೆದವು. ಒಂದು ಕಡೆ ಮಾತ್ರ ದಾರಿ ಬಿಟ್ಟು ಕಡಲೆಹೊಲಕ್ಕೆ ನುಗ್ಗಿ, ಹೊಲದವಳಿಂದ ನಮಗೆ ಬೈಸಿದವು. "ಓದಿದವರಂಗ ಕಾಣ್ತೀರಿ, ಎತ್ತ ಹೊಡಿಯಾಕ ಬರಂಗಿಲ್ಲ" ಎಂದಳು. ಬಂಡಿ ಹೊಡೆಯುತ್ತಿದ್ದವನು ಮಲ್ಲ. ಅವನು ಶಾಲೆಯ ಮುಖ ಕಂಡದ್ದೇ ಎರಡು ವರ್ಷ. ಬೈಗುಳ ತಿಂದದ್ದು ನನ್ನ ಟೋಪಿ.

ಕಲಬುರ್ಗಿಯಲ್ಲಿ ಮೊದಲ ದಿನ ಕಿಲ್ಲೆ. ಒಳಗೆ ಬತೇರಿಯ ಮೇಲಿನ ಉದ್ದ ಫಿರಂಗಿಯನ್ನು, ಅಲ್ಲಿಯವರ ತೋಪನ್ನು, ಮಲ್ಲನಿಗೆ ತೋರಿಸಿ, ಅದರ ಉದ್ದವನ್ನು ಗಜದಲ್ಲಿ ಹೇಳಿದೆ. ಅವನಿಗೆ ನಂಬಿಕೆ ಬರಲಿಲ್ಲ. ಅದರ ಮೇಲೆ ತಾನೇ ಮಲಗಿ, ಕಾಲು ಬಂದ ಕಡೆ ಇದ್ದಿಲಿನಿಂದ ಗೆರೆ ಹಾಕಿಸಿ, ಮತ್ತೆ ಮಲಗಿ ಅಳೆದ. ಐದು ಮಲ್ಲ ಮತ್ತು ಒಂದು ಮೊಳ. ಬಿಸಿಲಿಗೆ ಕಾದ ಕಬ್ಬಿಣದಿಂದ ಬೆನ್ನು ಸುಟ್ಟುಕೊಂಡು ಕುಣಿಯುತ್ತಿದ್ದವನನ್ನು ಕಂಡು ಖಾಜಾ, "ತೋಪ್ ಚಲೇ ಬಗೈರ್ ಹೀ ಉಡ್ ಗಯಾ ರೇ!" ಎಂದು, ತೋಪು ಹಾರುವ ಮೊದಲೇ ಇವನು ಹಾರಿದನೆಂದು ನಕ್ಕ. ನಾನೂ ನಕ್ಕೆ. ಹಳ್ಳಿಯವನನ್ನು ಕರೆದುಕೊಂಡು ಬಂದ ಪಟ್ಟಣಿಗನ ನಗು ಅದು. ನಾನೂ ಅದೇ ಹಳ್ಳಿಯವನೆಂಬುದು ಟೋಪಿಯ ಕೆಳಗೆ ಮರೆತುಹೋಗಿತ್ತು.

ಎರಡನೇ ದಿನವೆಲ್ಲ ತಿನ್ನುವುದೇ ಕೆಲಸ. ಪೇಟೆಯಲ್ಲಿ ಮಂಡಕ್ಕಿ ಸೂಸಲ, ಮೆಣಸಿನಕಾಯಿ ಭಜಿ. ಮಧ್ಯಾಹ್ನ ಖಾಜಾನ ಮಾಮುವಿನ ಮನೆ. ಅವನ ಮಾಮಿ ಪರದೆಯ ಹಿಂದಿನಿಂದಲೇ, "ಆ ಹುಡುಗರು ನಮ್ಮ ಒಲೆಯದು ತಿನ್ನಲ್ಲ, ಅವರ ಜನರ ಅಂಗಡಿಯಿಂದ ಜಿಲೇಬಿ ತರಸ್ರಿ" ಎಂದು ಉರ್ದುವಿನಲ್ಲಿ ಹೇಳಿದ್ದು ನನಗೆ ಕೇಳಿಸಿತು. ನನಗೆ ನಾಚಿಕೆಯಾಯಿತು. ಹೈದರಾಬಾದಿನಲ್ಲಿದ್ದವನಲ್ಲವೇ, ಅವರ ಮನೆಯ ಚಹಾ ಕೇಳಿ ಕುಡಿದೆ. ಮಲ್ಲ ಜಿಲೇಬಿ ತಿನ್ನುತ್ತ ಅನುಮಾನದಿಂದ ನನ್ನನ್ನೂ ಬಟ್ಟಲನ್ನೂ ನೋಡಿದ. ಆಮೇಲೆ ಹೊರಗೆ ಬಂದು, "ಹ್ಯಾಂಗಿತ್ತು?" ಎಂದು ಗುಟ್ಟಾಗಿ ಕೇಳಿದ. "ಏಲಕ್ಕಿ ಹಾಕಿದ್ರು" ಎಂದೆ. "ಮೊದಲೇ ಹೇಳಬಾರ್ದೇನಲೇ" ಎಂದ.

ನೋಡಿ, ನಾನು ತಿನಿಸಿನ ಮಾತಿನಲ್ಲೇ ಸುತ್ತುತ್ತಿದ್ದೇನೆ. ಆ ದಿನವೂ ಇದನ್ನೇ ಮಾಡಿದೆ.

ಮೂರನೇ ದಿನ ಹಗಲು ಗಾಡಿ. ಮಲ್ಲ ಬೆಳಗ್ಗೆಯೇ ಜಳಕ ಮಾಡಿ, ತಲೆಗೆ ಹೊಸ ಪಟಗ ಸುತ್ತಿ, ಗಂಟನ್ನು ಮಡಿಲಲ್ಲಿಟ್ಟುಕೊಂಡು ಧರ್ಮಶಾಲೆಯ ಕಟ್ಟೆಯ ಮೇಲೆ ಕೂತಿದ್ದ. ಬಾಳೆ ಅಷ್ಟೂ ಹಣ್ಣಾಗಿತ್ತು. ಅವನ ತಾಯಿಯ ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ. ನಾನು ಅವನನ್ನು ಎಬ್ಬಿಸಿ, ಊರಾಚೆಯ ಗುಮ್ಮಟಗಳನ್ನು ನೋಡಲು ಕರೆದೊಯ್ದೆ.

"ಗಾಡಿಗಿ ಹೊತ್ತಾಗ್ತದಲ್ಲೋ" ಎಂದ.

"ರೈಲ್ ಅಂದ್ರ ನಿನ್ನ ಬಂಡಿ ಅಲ್ಲಲೇ, ಮನಸಿಗೆ ಬಂದಾಗ ಬರಾಕ. ಅದಕ್ಕ ಟೈಮ್ ಅದ."

ಗುಮ್ಮಟದ ಕೆಳಗೆ ನಿಂತು ನಾನು ಇತಿಹಾಸ ಹೇಳಿದೆ. ಯಾವ ಬಾದಶಹ ಯಾವ ಗೋರಿಯಲ್ಲಿದ್ದಾನೆ, ಅವನ ಕಣ್ಣು ಕಿತ್ತವರು ಯಾರು, ಕಿತ್ತವನ ತಲೆ ತೆಗೆದವರು ಯಾರು. ಸತ್ತವರ ವಿಷಯ ನನಗೆ ಅಷ್ಟು ಚೆನ್ನಾಗಿ ಗೊತ್ತಿತ್ತು. ಮಲ್ಲ ಪಾರಿವಾಳ ನೋಡುತ್ತ ನಿಂತಿದ್ದ. ದಾರಿಯಲ್ಲಿ ಖಾಜಾ ಮಾಲ್ಪುರಿಯ ಅಂಗಡಿ ಕಂಡು ನಿಂತ. ಶರಣಮ್ಮನಿಗೂ ಒಂದಿಷ್ಟು ಕಟ್ಟಿಸೋಣ, ಪಟ್ಟಣದ ತಿಂಡಿ ಎಂದು ನಾನೇ ಎಲೆಯಲ್ಲಿ ಕಟ್ಟಿಸಿ, ಗಂಟು ಬಿಚ್ಚಿ ಒಳಗೆ ತುರುಕಿ, ಮೂರು ಗಂಟು ಹಾಕಿ ಬಿಗಿದೆ. ಗಂಟು ಮೊದಲಿಗಿಂತ ಇಮ್ಮಡಿಯಾಯಿತು. ನನ್ನ ಮೇಲಿನ ಫಿರ್ಯಾದಿನಲ್ಲಿ ಇದನ್ನೂ ಬರೆದುಕೊಳ್ಳಿ.

ಟೇಶನ್ನಿಗೆ ಬಂದಾಗ ಗಾಡಿ ಆಗಲೇ ನಿಂತಿತ್ತು.

ಮಲ್ಲನ ಮುಖ ಬಿಳುಚಿತು. ನಾನು ಮಾತ್ರ ಗಾಬರಿಯಾಗಲಿಲ್ಲ. ಆ ಗಾಡಿಯಲ್ಲಿ ಹತ್ತು ಸಲ ಓಡಾಡಿದವನು ನಾನು. "ಇದು ಇಲ್ಲಿ ಬಾಳ ಹೊತ್ತು ನಿಲ್ತದ, ಬೇಕಾದಷ್ಟು ಟೈಮ್ ಅದ" ಎಂದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಹೆಂಗಸರ ಜನಾನಾ ಡಬ್ಬಿ ಹಿಂದಿನಿಂದ ಎರಡನೆಯದು. ಕಿಟಕಿಯಲ್ಲಿ ಅತ್ತೆ ಕೂತಿದ್ದಳು, ಹಣೆಯ ತುಂಬ ವಿಭೂತಿ, ಮೂಗಿನಲ್ಲಿ ದೊಡ್ಡ ನತ್ತು. ಅವಳ ಆಚೆ, ಎದುರು ಬದಿಯ ಕಿಟಕಿಗೆ ಒರಗಿ ಶರಣಮ್ಮ. ಎಷ್ಟು ತೆಳ್ಳಗಾಗಿದ್ದಳು! ಮಲ್ಲನ ಬಾಯಿಂದ "ಅಕ್ಕಾ" ಎಂದು ಬಂದದ್ದೇ ತಡ, ಅತ್ತೆ ತಿರುಗಿ ನೋಡಿದಳು, ಗುರುತು ಹಿಡಿದಳು, ಕಿಟಕಿಯ ಮರದ ಬಾಗಿಲನ್ನು ದಡ್ ಎಂದು ಇಳಿಸಿದಳು. ಅದೇ ಹೊತ್ತಿಗೆ ಒಬ್ಬ ಜವಾನ ಕೋಲು ಅಡ್ಡ ಹಿಡಿದು, "ಜನಾನಾ ಹೈ, ಹಟೋ, ಪೀಛೇ ಹಟೋ" ಎಂದು ನಮ್ಮನ್ನು ನೂಕಿದ.

"ಅರೇ ಭಾಯ್, ಬೆಹನ್ ಹೈ ಉಸ್ಕಿ" ಎಂದು ಖಾಜಾ ಅವನ ಹೆಗಲ ಮೇಲೆ ಕೈ ಹಾಕಿ ಮಾತಿಗೆ ಎಳೆದ. ಜವಾನನಿಗೆ ಬೆಹನ್ ಬೇಕಿರಲಿಲ್ಲ. ಮಾಲ್ಪುರಿಯ ವಾಸನೆ ಬೇಕಿತ್ತು.

ಮಲ್ಲ ಗಂಟನ್ನು ಎದೆಗವಚಿಕೊಂಡು ನನ್ನ ಕಡೆ ನೋಡಿದ. ನಾಲ್ಕು ವರ್ಷದ ಮೇಲೆ ಅಕ್ಕ ಹತ್ತು ಹೆಜ್ಜೆ ದೂರದಲ್ಲಿದ್ದಾಳೆ, ನಡುವೆ ಒಂದು ಮರದ ಹಲಗೆ. "ಈಗೇನ್ ಮಾಡೂಣೋ?"

ನಾನು ಕಲಿತವನು. ಕಾಲೇಜಿನ ಹುಡುಗರು ಟಿಕೇಟು ಕೇಳುವವನನ್ನು ತಪ್ಪಿಸಿಕೊಳ್ಳಲು ಏನು ಮಾಡುತ್ತಾರೆ ಎಂಬುದೂ ನನ್ನ ವಿದ್ಯೆಯಲ್ಲಿ ಸೇರಿತ್ತು. "ಹಿಂದಿನ ಡಬ್ಬಿ ಸುತ್ತಿ ಆ ಕಡಿಯಿಂದ ಹೋಗು. ಅಕ್ಕ ಆ ಕಡಿ ಕಿಟಕ್ಯಾಗ ಅದಾಳ. ಅಲ್ಲಿ ಯಾರೂ ಕೇಳಂಗಿಲ್ಲ" ಎಂದೆ.

ಅವನು ಓಡಿದ.

ಪಕ್ಕದ ಕಿಟಕಿ ತೆರೆದಿತ್ತು, ಅಲ್ಲೊಬ್ಬ ಬಾಣಂತಿ ಮಗುವಿಗೆ ಗಾಳಿ ಹಾಕುತ್ತಿದ್ದಳು. ಅವಳ ಭುಜದ ಮೇಲಿನಿಂದ ನನಗೆ ಡಬ್ಬಿಯ ಆಚೆ ಬದಿ ಕಾಣುತ್ತಿತ್ತು. ಸರಳುಗಳ ಹಿಂದೆ ಮಲ್ಲನ ಪಟಗ ಕಂಡಿತು. ಶರಣಮ್ಮ ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡಳು. ಕೆಳಗೆ ಹಳಿಗಳ ಮೇಲೆ ನಿಂತು ಅವನು ಗಂಟನ್ನು ಎತ್ತಿ ಹಿಡಿದ. ಗಂಟು ಸರಳಿನ ನಡುವೆ ಹೋಗಲಿಲ್ಲ. ಹೇಗೆ ಹೋದೀತು, ನಾನು ಅದನ್ನು ಇಮ್ಮಡಿ ಮಾಡಿಟ್ಟಿದ್ದೆ. ಗಂಟು ಬಿಚ್ಚೋಣವೆಂದರೆ ಮೂರು ಗಂಟು, ಅವೂ ನನ್ನವೇ. ಹಲ್ಲಿನಿಂದ ಕಚ್ಚಿ ಬಿಚ್ಚಿದ. ಆಮೇಲೆ ಕಟಕ ರೊಟ್ಟಿಗಳನ್ನು ಒಂದೊಂದಾಗಿ ಅಡ್ಡ ಮಾಡಿ ಸರಳಿನ ನಡುವೆ ತೂರಿಸತೊಡಗಿದ. ಅವು ಮುರಿದು ಚೂರಾಗುತ್ತಿದ್ದವು, ಶರಣಮ್ಮ ಚೂರುಗಳನ್ನೆಲ್ಲ ಮಡಿಲಲ್ಲಿ ಹಿಡಿಯುತ್ತಿದ್ದಳು. ಆಮೇಲೆ ಬಾಳೆಹಣ್ಣು. ಒಂದು. ಇಬ್ಬರೂ ನಗುತ್ತಿದ್ದರು. ಎರಡು. ಅತ್ತೆ ಬೆನ್ನು ತಿರುಗಿಸಿ, ನೋಡಿಯೂ ನೋಡದಂತೆ ಕೂತಿದ್ದಳು. ಮೂರು. ನನ್ನ ಉಪಾಯಕ್ಕೆ ನಾನೇ ಮೆಚ್ಚಿ ನಿಂತಿದ್ದೆ.

ಆಗ ನನಗೆ, ಗಾಡಿ ಕಲಬುರ್ಗಿಯಲ್ಲಿ ಬಹಳ ಹೊತ್ತು ಯಾಕೆ ನಿಲ್ಲುತ್ತದೆ ಎಂಬುದು ನೆನಪಾಯಿತು.

ಎದುರಿನಿಂದ ಮಾಲಗಾಡಿ ಬರುವುದಿರುತ್ತದೆ. ಅದು ಪಕ್ಕದ ಹಳಿಯ ಮೇಲೆ ಹಾದುಹೋಗುವವರೆಗೆ ಹಗಲು ಗಾಡಿ ಕಾಯಬೇಕು. ಹತ್ತು ಸಲವೂ ಕಾದಿದ್ದೆ, ಹತ್ತು ಸಲವೂ ಬೇಸತ್ತು ಆ ಮಾಲಗಾಡಿಗೆ ಶಾಪ ಹಾಕಿದ್ದೆ. ಬಾದಶಹರ ಗೋರಿಗಳೆಲ್ಲ ನೆನಪಿದ್ದವು. ಇದು ನೆನಪಿರಲಿಲ್ಲ. ಮಲ್ಲನಿಗಂತೂ ಒಂದು ರೈಲು ನಿಂತಿರುವಾಗ ಇನ್ನೊಂದು ರೈಲು ಬರುತ್ತದೆಂಬುದೇ ಗೊತ್ತಿರಲಿಲ್ಲ. ಅವನ ಪಾಲಿಗೆ ರೈಲೆಂದರೆ ಆ ಒಂದೇ, ಕಣ್ಣೆದುರು ನಿಂತದ್ದು. ಉಳಿದ ಹಳಿ ಬರೀ ಕಬ್ಬಿಣ.

ಸೀಟಿ ಕೇಳಿಸಿತು. ನಾನು "ಮಲ್ಲ್ಯಾ!" ಎಂದು ಕೂಗಿದೆ. ನಮ್ಮ ಗಾಡಿಯ ಇಂಜಿನ್ ಉಸ್ಸೆಂದು ಆವಿ ಬಿಡುತ್ತಿತ್ತು, ನನ್ನ ದನಿ ನನಗೇ ಕೇಳಿಸಲಿಲ್ಲ. ಅವನು ನಾಲ್ಕನೇ ಹಣ್ಣು ಎತ್ತಿ ಹಿಡಿದಿದ್ದ. ಶರಣಮ್ಮ ಬಲಕ್ಕೆ ನೋಡಿದಳು. ಮುಂದೆ ನಡೆದದ್ದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು, ಆದರೆ ಆರು ವರ್ಷವಾದರೂ ಅದು ಮುಗಿದಿಲ್ಲ. ಅವಳು ಮಡಿಲು ಕೊಡವಿ ಎದ್ದಳು, ಎರಡೂ ಕೈ ಸರಳಿನ ನಡುವೆ ಹೊರಗೆ ಹಾಕಿದಳು, ಅವನ ಮಣಿಕಟ್ಟುಗಳನ್ನು ಹಿಡಿದು ಎಳೆದಳು. ಹಣ್ಣು ಬಿತ್ತು. ಅವನ ಕಾಲು ಡಬ್ಬಿಯ ಕೆಳಗಿನ ಪಾವಟಿಗೆಗೆ ಸಿಕ್ಕಿತೋ ಇಲ್ಲವೋ, ಕಿಟಕಿ ಕಪ್ಪಾಯಿತು.

ನನಗೆ ಅವನು ಕಾಣಲಿಲ್ಲ. ಕಂಡದ್ದು ಶರಣಮ್ಮನ ಬೆನ್ನು, ಅವಳ ಹಿಂದೆ ಓಡುವ ಕಪ್ಪು ಗೋಡೆ. ಎರಡು ಡಬ್ಬಿಗಳ ಸಂದಿಯಲ್ಲಿ ಒಮ್ಮೆ ಬೆಳಕು, ಮತ್ತೆ ಕಪ್ಪು, ಮತ್ತೆ ಬೆಳಕು. ಬಳೆ ಒಡೆಯುವ ಸದ್ದು ಕೇಳಿಸಿತೆಂದು ನನಗೆ ಅನಿಸುತ್ತದೆ, ಆ ಗದ್ದಲದಲ್ಲಿ ಕೇಳಿಸುವುದು ಸಾಧ್ಯವಿಲ್ಲ. ಅವಳ ಕಾಲು ಜಾರಿತು. ಆಗ ಆ ಅತ್ತೆ, ಹಲಗೆ ಇಳಿಸಿದ ಅದೇ ಅತ್ತೆ, ನತ್ತು ಒಂದು ಕಡೆ, ಸೆರಗು ಒಂದು ಕಡೆ ಎದ್ದು ಬಂದು ಸೊಸೆಯ ನಡುವನ್ನು ಎರಡೂ ತೋಳಿನಿಂದ ಅಪ್ಪಿ ಹಿಡಿದು, "ಬಿಡಬ್ಯಾಡ ಶರಣೀ, ಬಿಡಬ್ಯಾಡ! ನಾ ಹಿಡದೀನಿ, ನೀ ಬಿಡಬ್ಯಾಡ!" ಎಂದು ಚೀರಿದಳು.

ನೋಡಿ, ನಾಲ್ಕು ವರ್ಷ ಜತನ ಮಾಡಿದ್ದ ನನ್ನ ಸಿಟ್ಟನ್ನು ಆ ಮುದುಕಿ ಹೀಗೆ ಕಸಿದುಕೊಂಡಳು. ಇಡೀ ಟೇಶನ್ನಿನಲ್ಲಿ ಏನೂ ಹಿಡಿಯದೆ ನಿಂತವನು ನಾನೊಬ್ಬನೇ.

ಕೊನೆಯ ಡಬ್ಬಿ ದಾಟಿತು. ಬೆಳಕು ಬಂತು. ಸರಳಿಗೆ ಒತ್ತಿಕೊಂಡಿದ್ದ ಮಲ್ಲನ ಮುಖ ಕಂಡಿತು. ಪಟಗ ಇರಲಿಲ್ಲ, ಗಾಳಿ ಒಯ್ದಿತ್ತು. ಅಷ್ಟರಲ್ಲಿ ದಾರಿ ಸಿಕ್ಕ ಹಗಲು ಗಾಡಿ ಸೀಟಿ ಹೊಡೆದು ಅಲುಗಿತು. ಅವನು ಕೆಳಗೆ ಇಳಿದಿರಬೇಕು. ಡಬ್ಬಿಗಳು ಒಂದೊಂದಾಗಿ ನನ್ನ ಮುಂದೆ ಸರಿದುಹೋದವು. ಕೊನೆಯದೂ ಸರಿದ ಮೇಲೆ, ಹಳಿಗಳ ಆಚೆ, ಬರಿಯ ತಲೆಯಲ್ಲಿ, ಎರಡೂ ಕೈ ಇನ್ನೂ ಮೇಲೆತ್ತಿಕೊಂಡೇ ನಿಂತಿದ್ದ ನನ್ನ ಗೆಳೆಯ ಕಂಡ. ಮಣಿಕಟ್ಟಿನಿಂದ ರಕ್ತ ಮೊಳಕೈಗೆ ಇಳಿಯುತ್ತಿತ್ತು. ಕಾಲ ಬಳಿ ಮಾಲ್ಪುರಿಯ ಎಲೆ, ಜಜ್ಜಿದ ಬಾಳೆಹಣ್ಣು.

ಖಾಜಾ ಹಳಿಗಳನ್ನು ಹಾರಿ ಓಡಿ ಅವನನ್ನು ಅಪ್ಪಿಕೊಂಡು ಅತ್ತ. ಜವಾನ ಕೋಲು ಬಿಸಾಕಿ ನೀರು ತಂದ. ನಾನು ಓಡಲಿಲ್ಲ. ಹಳಿಗೆ ಇಳಿಯುವ ಮುಂಚೆ ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ಮತ್ತೆ ಎಡಕ್ಕೆ ನೋಡಿದೆ. ಆಗ ನೆನಪಾಗಿತ್ತು ನನಗೆ ಎಲ್ಲ.

ಕಮಲಾಪುರಕ್ಕೆ ಮರಳಿದಾಗ ಮಲ್ಲನ ತಾಯಿ ಬಾಗಿಲಲ್ಲೇ ಕೂತಿದ್ದಳು. "ಕೊಟ್ರ್ಯಾ? ಹ್ಯಾಂಗ ಆಗ್ಯಾಳ ನನ್ನ ಮಗಳು?"

ಮಲ್ಲ ಅಂಗಿಯ ತೋಳು ಕೆಳಗೆ ಎಳೆದುಕೊಂಡ. "ಕೈ ಗಟ್ಟಿ ಅದಾವವ್ವ."

"ಹಂಗಂದ್ರ ಉಣ್ಣಾಕ ಹಾಕ್ತಾರ ಬಿಡು" ಎಂದು ಆಕೆ ಸೆರಗು ಒಡ್ಡಿ ದೇವರಿಗೆ ಕೈಮುಗಿದಳು. ಆಮೇಲೆ 'ನಿನ್ನ ಮೇಲೆ ಬಿಟ್ಟದ್ದು ಸಾರ್ಥಕ' ಎನ್ನುವಂತೆ ನನ್ನ ತಲೆ ಸವರಿದಳು. ಟೋಪಿ ನಾನು ಅಷ್ಟರಲ್ಲೇ ತೆಗೆದು ಚೀಲದಲ್ಲಿ ಹಾಕಿದ್ದೆ.

ಆ ಪಂಚಮಿಗೆ ಶರಣಮ್ಮನನ್ನು ಕಳಿಸಲಿಲ್ಲ. ಮರು ಪಂಚಮಿಗೆ ಕಳಿಸಿದರು, ಜೊತೆಗೆ ಅತ್ತೆಯೂ ಬಂದಳು. ಮೊದಲನೇ ಪಂಕ್ತಿಯ ಮೊದಲನೇ ಎಲೆಗೆ ಕೂತು ಏಳು ಹೋಳಿಗೆ ಉಂಡಳು. ಉಣ್ಣುತ್ತಲೇ ರೈಲಿನ ಕಥೆಯನ್ನು ಅಷ್ಟೂ ಹೇಳಿಬಿಟ್ಟಳು. ಮಲ್ಲನ ತಾಯಿ ಬಡಿಸುತ್ತಿದ್ದ ಸೌಟು ತಿರುಗಿಸಿ, ಮೀಸೆ ಬಂದ ಮಗನಿಗೆ ಎಲ್ಲರ ಮುಂದೆ ಎರಡು ಬಿಟ್ಟಳು. "ಅಡ್ನಾಡಿ! ಹಳಿ ಮ್ಯಾಲ ಹೋಗಿ ನಿಂದರ್ತಾರೇನೋ? ಜೊತಿಗೆ ಕಲ್ತಾಂವ ಇದ್ದನಲ್ಲೋ, ಅವನರೆ ಕೇಳಬಾರ್ದೇನು?" ಮಲ್ಲ ಬೆನ್ನು ಉಜ್ಜಿಕೊಳ್ಳುತ್ತ ನಕ್ಕ. ನನ್ನ ಹೆಸರೆತ್ತಲಿಲ್ಲ. ಆಕೆ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ ಮೇಲೆ ತುಪ್ಪ ಸುರಿದಳು. ಆ ಹೋಳಿಗೆ ನುಂಗಿದ ಬಗೆಯನ್ನು ನಾನು ಹೇಳಲಾರೆ.

ಈಗ ಅದೊಂದು ತಮಾಷೆಯ ಕಥೆಯಾಗಿದೆ. ಮದುವೆ, ಸೀಮಂತ, ಎಲ್ಲಿ ನಾಲ್ಕು ಜನ ಸೇರಿದರೂ ಖಾಜಾ ಅದನ್ನು ಅಭಿನಯ ಮಾಡಿ ತೋರಿಸುತ್ತಾನೆ. ಹಾರಿಹೋದ ಪಟಗ ಒಂದು ಸಲ ವಾಡಿಯಲ್ಲಿ ಸಿಗುತ್ತದೆ, ಒಂದು ಸಲ ಮುಂಬೈಗೆ ಮುಟ್ಟುತ್ತದೆ. ಎಲ್ಲಕ್ಕಿಂತ ಜೋರಾಗಿ ನಗುವವನು ಮಲ್ಲ. ಕಥೆಯಲ್ಲಿ 'ಆ ಕಡೆಯಿಂದ ಹೋಗು' ಎಂದವನೇ ಇಲ್ಲ. ನಾನು ಎದ್ದು ಹೊರಗೆ ಹೋಗುತ್ತೇನೆ. ಮಾಸ್ತರನಿಗೆ ಮೂಗಿನ ಮೇಲೆ ಸಿಟ್ಟು ಎನ್ನುತ್ತಾರೆ.

ಮಾಸ್ತರಿಕೆ ಸಿಕ್ಕಿ ನಾನು ಬಾಡಿಗೆಗೆ ಹಿಡಿದ ಮನೆ, ಬೇರೆಲ್ಲೂ ಸಿಗದೆ, ರೈಲಿನ ಸೀಟಿ ಕೇಳುವಷ್ಟು ಹತ್ತಿರ. ಅಲ್ಲಿಗೆ ಮಲ್ಲ ವರ್ಷವರ್ಷವೂ ಗೊನೆ ತರುತ್ತಾನೆ. ಈ ವರ್ಷವೂ ತಂದ. ತೊಲೆಗೆ ಹಗ್ಗ ಕಟ್ಟುತ್ತಿದ್ದಾಗ ಅಂಗಿಯ ತೋಳು ಜಾರಿ ಮಣಿಕಟ್ಟಿನ ಮೇಲಿನ ಬಿಳಿ ಗೆರೆಗಳು ಕಂಡವು, ಬಳೆಯ ಚೂರು ಕೊಯ್ದ ಗೆರೆಗಳು. ನನಗೆ ತಡೆಯಲಾಗಲಿಲ್ಲ.

"ಯಾಕ ತರ್ತಿ ಇದನ್ನ?" ಎಂದು ಕೂಗಿದೆ. ಮಕ್ಕಳು ಒಳಗೆ ಓಡಿದವು. "ಯಾಕ ತರ್ತಿ ವರ್ಷಾ ವರ್ಷಾ? ಆವತ್ತು ನಿನ್ನ ಆ ಕಡಿ ಹೋಗು ಅಂದಾಂವ ನಾನು. ಮಾಲಗಾಡಿ ಬರ್ತದಂತ ಗೊತ್ತಿದ್ದಾಂವನೂ ನಾನು. ಗೊತ್ತದೇನು ನಿನಗ?"

"ಗೊತ್ತದ" ಎಂದ ಮಲ್ಲ. ಹಗ್ಗದ ಗಂಟು ಎಳೆದು ನೋಡಿದ.

"ಸಾಯ್ತಿದ್ದಿ ನೀ."

"ಸಾಯಲಿಲ್ಲಲ್ಲ."

"ಮತ್ತ ನಿಮ್ಮವ್ವನ ಕಡಿಂದ ಸೌಟಿಲೆ ಬಡಿಸ್ಕೊಂಡಿ, ಬಾಯಿ ಬಿಡಲಿಲ್ಲ. ಯಾರಿಗೂ ಬಿಟ್ಟಿಲ್ಲ. ಯಾಕ?"

ಅವನು ಕಟ್ಟೆಯ ಮೇಲೆ ಕೂತ. ಗೊನೆಯಿಂದ ಒಂದು ಹಣ್ಣು ಕಿತ್ತು ಕೈಯಲ್ಲಿ ತಿರುಗಿಸಿದ.

"ಮಾಲಗಾಡಿ ಹಾಯೂತನಕ ಅಕ್ಕ ಒಂದೇ ಮಾತು ಕೇಳಿದ್ಲೋ. ನನ್ನ ಕಿವ್ಯಾಗ ಬಾಯಿಟ್ಟು. 'ಯಾರು ಕಳಸಿದ್ರೋ ನಿನ್ನ ಈ ಕಡಿಗಿ, ಯಾರು ಕಳಸಿದ್ರು' ಅಂತ. ಮತ್ತ ಮತ್ತ ಅದೇ."

ಆರು ವರ್ಷ ಈ ಪ್ರಶ್ನೆಯನ್ನು ನಾನೇ ನನಗೆ ಕೇಳಿಕೊಂಡಿದ್ದೆ. ಅಕ್ಕನೂ ಕೇಳಿದ್ದಳು. "ನೀ ಏನಂದಿ?"

"ಅವ್ವ ಅಂದೆ."

ನಾನು ಅವನ ಪಕ್ಕ ಕಟ್ಟೆಯ ಮೇಲೆ ಕೂತೆ.

"ಅವ್ವ ಕಳಸ್ಯಾಳ ಅಂದೆ. ಹಂಗ ಅಂದಕೂಡ್ಲೆ ಇನ್ನೂ ಗಟ್ಟಿ ಹಿಡದ್ಲು ನೋಡು. ನಿನ್ನ ಹೆಸರ ಹೇಳಿದ್ರ ಬೈತಾ ಕುಂದರ್ತಿದ್ಲು, ಕೈ ಸಡ್ಲಾಗ್ತಿತ್ತು" ಎಂದು ನಕ್ಕು, ಹಣ್ಣನ್ನು ನನ್ನ ಕಡೆ ಚಾಚಿದ. "ತಿನ್ನು. ಹುಡುಗರನ್ನ ಫೇಲ್ ಮಾಡಬ್ಯಾಡ."

ನಾನು ಹಣ್ಣು ತೆಗೆದುಕೊಳ್ಳಲು ಕೈ ಚಾಚಿದೆ. ಅಷ್ಟರಲ್ಲಿ ಟೇಶನ್ನಿನ ಕಡೆಯಿಂದ ಸೀಟಿ ಕೇಳಿಸಿತು. ಹಗಲು ಗಾಡಿ ಬಂದು ನಿಂತಿರಬೇಕು. ಇನ್ನು ಮಾಲಗಾಡಿ ಬರುವುದಿತ್ತು. ನನ್ನ ಕೈ ಹಣ್ಣನ್ನು ದಾಟಿ ಹೋಗಿ ಅವನ ಮಣಿಕಟ್ಟನ್ನು ಹಿಡಿಯಿತು.

"ಬಿಡಲೇ, ನೋಯ್ತದ" ಎಂದ ಮಲ್ಲ. "ಮನ್ಯಾಗ ಕುಂತೀವೋ ನಾವು."

ಮಾಲಗಾಡಿ ಹಾದುಹೋಗುವ ಸದ್ದು ಪೂರ್ತಿ ನಿಲ್ಲುವವರೆಗೆ ನಾನು ಬಿಡಲಿಲ್ಲ.